ಮೆತ್ತನೆಯ ಆಸನವೇ ಸುಖದ ಆಸನವೇ?

ಸ್ಪೋರ್ಟ್ಸ್ ಕಾರಿನ ಆಸನವನ್ನು ಮೊದಲ ಬಾರಿಗೆ ಕೈಯಿಂದ ಒತ್ತಿ ನೋಡಿದವರು ‘ಇಷ್ಟು ಹಣಕ್ಕೆ ಇಷ್ಟು ಗಟ್ಟಿಯೇ?’ ಎಂದು ಮುಖ ಸಿಂಡರಿಸುವುದುಂಟು. ನಿಂತ ಕಾರಿನಲ್ಲಿ ಎರಡು ನಿಮಿಷ ಕುಳಿತು ಕೊಡುವ ಈ ತೀರ್ಪು ಅವಸರದ್ದು. ಆಸನದ ನಿಜವಾದ ಪರೀಕ್ಷೆ ನಡೆಯುವುದು ತಿರುವಿನಲ್ಲಿ.

50 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ದಾಟುತ್ತಿದ್ದೇವೆ ಎಂದುಕೊಳ್ಳಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಸಿಗುವ ವೇಗೋತ್ಕರ್ಷ ಗುರುತ್ವದ ಸುಮಾರು 0.8 ಪಾಲು. 70 ಕಿಲೋ ತೂಗುವ ಚಾಲಕನನ್ನು ಕಾರಿನ ಜೊತೆಗೇ ತಿರುಗಿಸಲು 560 ನ್ಯೂಟನ್ ಬಲ ಬೇಕು; ಅದು 50 ಕಿಲೋ ಅಕ್ಕಿ ಮೂಟೆಯ ಭಾರಕ್ಕಿಂತಲೂ ಹೆಚ್ಚು. ಯಾವುದೋ ಬಲ ನಮ್ಮನ್ನು ಹೊರಗೆ ನೂಕುತ್ತದೆ ಎಂದೇ ಎಲ್ಲರೂ ಹೇಳುತ್ತಾರೆ, ಆದರೆ ರಸ್ತೆಬದಿಯಲ್ಲಿ ನಿಂತವನ ಕಣ್ಣಿಗೆ ದೇಹ ನೇರ ದಾರಿಯಲ್ಲೇ ಹೊರಟಿರುತ್ತದೆ, ಕಾರು ಅದರ ಅಡಿಯಿಂದ ಪಕ್ಕಕ್ಕೆ ಸರಿಯುತ್ತಿರುತ್ತದೆ. ಆಸನ ಚಪ್ಪಟೆಯಾಗಿದ್ದು ಬಟ್ಟೆಯ ಘರ್ಷಣೆ ಸಾಲದೆ ಹೋದರೆ, ದೇಹವನ್ನು ತಿರುಗಿಸುವ ಕೆಲಸ ತೋಳು, ಮೊಣಕಾಲು ಮತ್ತು ಸೊಂಟದ ಸ್ನಾಯುಗಳ ಪಾಲಿಗೆ ಬರುತ್ತದೆ; ಸ್ಟೀರಿಂಗ್ ಬಸ್ಸಿನ ಕಂಬಿಯಾಗುತ್ತದೆ. ಸ್ಪೋರ್ಟ್ಸ್ ಆಸನದಲ್ಲಾದರೆ ಎರಡೂ ಪಕ್ಕದ ಗಟ್ಟಿ ಉಬ್ಬುಗಳು ಈ ಹೊರೆಯನ್ನು ಹೊರುತ್ತವೆ. ದೋಸೆ ಕಾವಲಿಯನ್ನು ಓರೆ ಮಾಡಿದರೆ ಹಿಟ್ಟು ಹರಿದುಹೋಗುತ್ತದೆ, ಪಡ್ಡಿನ ಕಾವಲಿಯಲ್ಲಾದರೆ ಕುಳಿಯಲ್ಲೇ ನಿಲ್ಲುತ್ತದೆ. ಇನ್ನೂ ಒಳ್ಳೆಯ ಹೋಲಿಕೆ ಕಂಕುಳ ಮಗುವಿನದು: ತಾಯಿಯ ತೋಳು ಬಳಸಿರುವುದರಿಂದ ಅದು ಏನನ್ನೂ ಬಿಗಿಹಿಡಿಯದೆ ನಿದ್ರಿಸುತ್ತದೆ.

ಇಂಥ ಆಸನಗಳ ಕಥೆ ನಮ್ಮನ್ನು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕರೆದೊಯ್ಯುತ್ತದೆ. ವಿಲ್ಹೆಲ್ಮ್ ರಾಯ್ಟರ್ 1906ರಲ್ಲಿ ಅಲ್ಲಿ ತೆರೆದ ಕಾರ್ಖಾನೆ ಮುಂದೆ ಪೋರ್ಶೆ 356 ಕಾರಿನ ಹೊರಮೈಯನ್ನು ಕಟ್ಟಿಕೊಡುತ್ತಿತ್ತು. 1963ರ ಸುಮಾರಿಗೆ ಹೊರಮೈ ವಿಭಾಗವನ್ನು ಪೋರ್ಶೆಯೇ ಕೊಂಡಾಗ ಆಸನದ ಕೆಲಸ ಮಾತ್ರ ಉಳಿಯಿತು. ರಾಯ್ಟರ್ ಮತ್ತು ‘ಕರೋಸರಿ’ (ಕಾರಿನ ಹೊರಮೈ) ಎಂಬ ಪದಗಳ ಮೊದಲ ತುಣುಕುಗಳನ್ನು ಜೋಡಿಸಿ ‘ರೆಕಾರೊ’ ಎಂದು ಹೆಸರಿಟ್ಟ ಈ ಕಂಪನಿ 1965ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ತನ್ನ ಸ್ಪೋರ್ಟ್ಸ್ ಆಸನವನ್ನು ಮುಂದಿಟ್ಟಿತು.

ಗಟ್ಟಿತನಕ್ಕೆ ಇನ್ನೊಂದು ಸಮರ್ಥನೆಯೂ ಇದೆ. ಮೇಲೆ-ಕೆಳಗಿನ ಕುಲುಕಾಟದಲ್ಲಿ ಮನುಷ್ಯದೇಹವನ್ನು ಅತಿ ಹೆಚ್ಚು ಕಾಡುವುದು ಸೆಕೆಂಡಿಗೆ 4ರಿಂದ 8 ಬಾರಿ ಆಗುವ ಕಂಪನ. ದಪ್ಪ ಮೆತ್ತೆಯ ಮೇಲೆ ಕುಳಿತ ದೇಹ ಸ್ಪ್ರಿಂಗಿನ ತುದಿಗೆ ಕಟ್ಟಿದ ಗುಂಡಿನಂತೆ ಸೆಕೆಂಡಿಗೆ ಸುಮಾರು 4 ಬಾರಿ ಕುಣಿಯುವುದರಿಂದ, ತಗ್ಗಿಸಬೇಕಾದ ಕಂಪನವನ್ನು ಮೆತ್ತೆಯೇ ಹಿಗ್ಗಿಸಿಬಿಡಬಹುದು.

ಆದರೆ ಆ ಉಬ್ಬುಗಳನ್ನು ದಾಟಿ ಅಷ್ಟು ತಗ್ಗಿನ ಆಸನದಿಂದ ಎದ್ದು ಹೊರಬರುವಾಗ ಮೊಣಕಾಲು ನೋವಿರುವವರು ಪಡುವ ಪಾಡನ್ನು ಯಾವ ಭೌತವಿಜ್ಞಾನವೂ ತಗ್ಗಿಸಿಲ್ಲ.