ಮರುವಾಯಿ ಹೆಕ್ಕಿದ ಕೆಸರು ಮೂರು ಕಿಲೋಮೀಟರ್ ಕೆಳಗೆ ಹೋದರೆ

ಮಂಗಳೂರಿನ ಕಡೆ ಮರುವಾಯಿ, ಅಂದರೆ ಕಪ್ಪೆಚಿಪ್ಪು, ಹೆಕ್ಕಲು ಹೊಳೆಗೆ ಇಳಿದವರಿಗೆ ಇದು ಗೊತ್ತಿರುತ್ತದೆ. ನೀರು ಇಳಿದ ಹೊತ್ತಿನಲ್ಲಿ ಕುದ್ರುವಿನ, ಅಂದರೆ ಹೊಳೆ ನಡುವಿನ ದ್ವೀಪದ, ಬದಿಯ ಕೆಸರಿಗೆ ಕೈ ಹಾಕಿದರೆ ಮೇಲೆ ತೆಳ್ಳಗೆ ಕೆಂಪು ಕಂದು, ಎರಡು ಬೆರಳು ಕೆಳಗೆ ಹೋದರೆ ಕಾಡಿಗೆಯ ಹಾಗೆ ಕಪ್ಪು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಚಿಕ್ಕವನಿದ್ದಾಗ ಇದೆಲ್ಲ ಪೇಟೆಯ ಚರಂಡಿಯ ಕೊಡುಗೆ ಅಂದುಕೊಂಡಿದ್ದೆ. ಅದೂ ಸ್ವಲ್ಪ ಇರಬಹುದು ಬಿಡಿ. ಆದರೆ ಚರಂಡಿಯೇ ಇಲ್ಲದ ಕಾಲದಲ್ಲೂ ಈ ಕೆಸರು ಕಪ್ಪಾಗುತ್ತಲೇ ಇತ್ತು.

ನಮ್ಮ ಗುಡ್ಡಗಳೆಲ್ಲ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು ಇದು, ಆ ನೀರು ಕರಗುವುದನ್ನೆಲ್ಲ ಕರಗಿಸಿ ಒಯ್ದು ಕರಗದ ಕಬ್ಬಿಣವನ್ನೂ ಅಲ್ಯೂಮಿನಿಯಂ ಅನ್ನೂ ಹಿಂದೆ ಬಿಟ್ಟಿದೆ. ಮಣ್ಣಿನ ಕೆಂಪು ಅಂದರೆ ಆ ಕಬ್ಬಿಣದ ತುಕ್ಕು, ಅಷ್ಟೇ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಚಹಾದ ಬಣ್ಣಕ್ಕೆ ತಿರುಗಿ ಈ ತುಕ್ಕನ್ನು ಅಳಿವೆ ಬಾಗಿಲಿನವರೆಗೆ ತರುತ್ತವೆ. ಅಲ್ಲಿ ಅದು ಕೊಳೆತ ಎಲೆಗಳ ಜೊತೆ ತಳಕ್ಕೆ ಕೂರುತ್ತದೆ. ಕೆಸರಿನೊಳಗೆ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ಆದರೆ ಬ್ಯಾಕ್ಟೀರಿಯಾಗಳು ಸುಮ್ನೆ ಕೂರುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ, ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಅದನ್ನೇ ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ವಾಸನೆ ಅದರದ್ದು. ಆ ಅನಿಲ ತುಕ್ಕಿನ ಕಬ್ಬಿಣವನ್ನು ಹಿಡಿದರೆ ಕಬ್ಬಿಣದ ಸಲ್ಫೈಡ್, ಕಪ್ಪು ಅದರದ್ದು. ಹಾಗೇ ಬಿಟ್ಟರೆ ಮುಂದೆ ಅದು ಪೈರೈಟ್ ಹರಳಾಗುತ್ತದೆ.

ಅಂದರೆ ಎರಡು ಬೆರಳು ಹೂತದ್ದಕ್ಕೇ ಒಂದು ಖನಿಜ ಹೋಗಿ ಇನ್ನೊಂದು ಬಂತು!

ನಂಬಿಕೆ ಬರದೆ ನಾನು ಒಂದು ಬಾಟಲಿ ಕೆಸರು ತಂದು, ಒಣಗಿದ ಎಲೆ ಪುಡಿ ಮಾಡಿ ಹಾಕಿ, ಮುಚ್ಚಳ ಬಿಗಿದು ಕಿಟಕಿಯಲ್ಲಿಟ್ಟೆ. ಕೆಲವೇ ವಾರದಲ್ಲಿ ಇಡೀ ಬಾಟಲಿ ಕಪ್ಪು. "ಎಂಥದ್ದು ಮಾರಾಯಾ ಇದು, ಹೊರಗೆ ಇಡು" ಎಂದರು ಅಮ್ಮ. ಆ ಬಾಟಲಿಯ ಕಥೆ ಆಮೇಲೆ ಹೇಳುತ್ತೇನೆ.

ಈಗ ಇದೇ ಕೆಸರು ಕಿಲೋಮೀಟರ್‌ಗಟ್ಟಲೆ ಕೆಳಗೆ ಹೋಯಿತು ಅಂತ ಇಟ್ಟುಕೊಳ್ಳಿ. ನಮ್ಮ ಅಳಿವೆಯಲ್ಲಿ ಅದು ಅಷ್ಟು ಸುಲಭವಲ್ಲ, ಮಳೆಗಾಲದ ತೆರೆಗಳು ಹೂಳನ್ನು ಒಂದು ಕಡೆ ನಿಲ್ಲಲು ಬಿಡುವುದಿಲ್ಲ, ನಿಂತದ್ದನ್ನು ಬಂದರಿನವರು ಎತ್ತುತ್ತಾರೆ. ತಳವೇ ನಿಧಾನಕ್ಕೆ ಕುಸಿಯುತ್ತಾ ಹೋಗುವ, ಮೇಲಿಂದ ಹೂಳು ಬೀಳುತ್ತಲೇ ಇರುವ ಕಡೆ ಇದು ಆಗುತ್ತದೆ. ಹೊಸ ಕೆಸರಿನ ಗಾತ್ರದಲ್ಲಿ 70-80 ಶೇಕಡಾ ನೀರೇ. ಮೇಲಿನ ಭಾರಕ್ಕೆ ಮೊದಲು ಅದು ಹಿಂಡಿಹೋಗುತ್ತದೆ. ಒಂದೊಂದು ಕಿಲೋಮೀಟರ್ ಇಳಿದಂತೆ ಸಾಧಾರಣವಾಗಿ 25-30 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಮೂರು ಕಿಲೋಮೀಟರಿಗೆ ಹೆಚ್ಚುಕಡಿಮೆ ಇಡ್ಲಿ ಬೇಯುವ ಬಿಸಿ. ಆದರೂ ನೀರು ಕುದಿಯುವುದಿಲ್ಲ, ಒತ್ತಡ ಬಿಡುವುದಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಜೇಡಿಮಣ್ಣು ಅಂದರೆ ಒಂದೇ ಖನಿಜ ಅಲ್ಲ. ಈ ಕಡೆಯದ್ದರಲ್ಲಿ ಕೆಯೊಲಿನೈಟ್ ಜಾಸ್ತಿ. ಅದರ ಹಾಳೆಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ, ನಡುವೆ ನೀರು ನುಗ್ಗುವುದಿಲ್ಲ. ಗದಗದ ಕಡೆಯ ಎರೆಮಣ್ಣಿನಲ್ಲಿ ಇರುವುದು ಸ್ಮೆಕ್ಟೈಟ್. ಅದರ ಹಾಳೆಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಆಳದಲ್ಲಿ ದೊಡ್ಡ ಆಟ ಆಡುವುದು ಈ ಸ್ಮೆಕ್ಟೈಟೇ.

ಪತ್ರೊಡೆ ನೆನಪಿಸಿಕೊಳ್ಳಿ. ಕೆಸುವಿನ ಎಲೆ, ಹಿಟ್ಟು, ಮತ್ತೆ ಎಲೆ, ಮತ್ತೆ ಹಿಟ್ಟು. ಸ್ಮೆಕ್ಟೈಟ್ ಹೀಗೇ: ಎಲೆಯ ಜಾಗದಲ್ಲಿ ಸಿಲಿಕಾ ಮತ್ತು ಅಲ್ಯೂಮಿನಾದ ಹಾಳೆ, ಹಿಟ್ಟಿನ ಜಾಗದಲ್ಲಿ ನೀರು ಮತ್ತು ಒಂದಿಷ್ಟು ಸೋಡಿಯಂ, ಕ್ಯಾಲ್ಸಿಯಂ. ಒಂದು ಹಾಳೆಯಿಂದ ಇನ್ನೊಂದಕ್ಕೆ ಸುಮಾರು 1.5 ನ್ಯಾನೋಮೀಟರ್. ಬಿಸಿ 60 ಡಿಗ್ರಿ ದಾಟಿದಂತೆ, ಅಕ್ಕಪಕ್ಕದ ಫೆಲ್ಡ್‌ಸ್ಪಾರ್ ಹರಳುಗಳು, ಅಂದರೆ ಗ್ರಾನೈಟ್ ಕಲ್ಲಿನಲ್ಲಿ ಬೆಳ್ಳಗೆ ಅಥವಾ ಗುಲಾಬಿಯಾಗಿ ಕಾಣುತ್ತವಲ್ಲ ಅವೇ, ಕರಗಿ ಪೊಟ್ಯಾಸಿಯಂ ಬಿಡುತ್ತವೆ. ಹಾಳೆಯ ಮೇಲೆ ಆರು ಮೂಲೆಯ ಸಣ್ಣ ಗುಳಿಗಳಿವೆ. ಪೊಟ್ಯಾಸಿಯಂ ಅದರಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಒಮ್ಮೆ ಕೂತರೆ ಏಳುವುದು ಕಷ್ಟ. ನೀರು ಹೊರಗೆ, ಹಾಳೆಗಳು ಹತ್ತಿರ, ಅಂತರ 1 ನ್ಯಾನೋಮೀಟರ್. ಈಗ ಅದರ ಹೆಸರು ಇಲ್ಲೈಟ್, ಉಬ್ಬುವ ಗುಣ ಹೋಯಿತು. ಎಲ್ಲ ಪದರ ಒಟ್ಟಿಗೆ ಬದಲಾಗುವುದಿಲ್ಲ, ನಡುವೆ ಬಹಳ ಕಾಲ ಎರಡೂ ಬೆರೆತೇ ಇರುತ್ತವೆ. ಪತ್ರೊಡೆಯಲ್ಲಿ ಎಲೆ ಬದಲಾಗುವುದಿಲ್ಲ, ಇಲ್ಲಿ ಹಾಳೆಯೂ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಹೋಲಿಕೆ ಇಲ್ಲಿಗೆ ಸಾಕು.

ಇದನ್ನು ಲೆಕ್ಕ ಹಾಕಿ ತೋರಿಸಿದವರೂ ಇದ್ದಾರೆ. ಅಮೆರಿಕದ ಗಲ್ಫ್ ಕರಾವಳಿಯ ಒಂದು ಕೊಳವೆಬಾವಿಯ ಮಣ್ಣನ್ನು ಜಾನ್ ಹೋವರ್ ಮತ್ತು ಜೊತೆಗಾರರು ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ಸುಮಾರು 2,000 ಮೀಟರ್ ಆಳದಲ್ಲಿ ಆ ಬೆರಕೆ ಖನಿಜದ ಪದರಗಳಲ್ಲಿ ಇಲ್ಲೈಟ್ 20 ಶೇಕಡಾ ಕೂಡ ಇರಲಿಲ್ಲ, 3,700 ಮೀಟರಿಗೆ ಹೋಗುವಾಗ 80ರ ಹತ್ತಿರ. ಅದೇ ಆಳದಲ್ಲಿ ಫೆಲ್ಡ್‌ಸ್ಪಾರ್ ಕಡಿಮೆಯಾಗುತ್ತಾ ಹೋಗಿತ್ತು. ಪೊಟ್ಯಾಸಿಯಂ ಎಲ್ಲಿಂದ ಬಂತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ತೈಲ ಹುಡುಕುವವರಿಗೆ ಇದು ಬರೀ ಕುತೂಹಲದ ವಿಷಯ ಅಲ್ಲ. ಕೊಳೆತ ಜೀವಿಗಳಿಂದ ತೈಲ ಹುಟ್ಟುವ ಬಿಸಿಯೂ ಹೆಚ್ಚುಕಡಿಮೆ 60ರಿಂದ 120 ಡಿಗ್ರಿಯೇ, ಹಾಗಾಗಿ ಇಲ್ಲೈಟ್ ಎಷ್ಟಿದೆ ಎಂದು ನೋಡಿ ಕಲ್ಲು ಎಷ್ಟು ಬೆಂದಿತ್ತು ಎಂದು ಅಂದಾಜು ಮಾಡಬಹುದು. ಹೊರಬಂದ ನೀರಿಗೆ ದಾರಿ ಸಿಗದಿದ್ದರೆ ಒತ್ತಡ ವಿಪರೀತ ಏರುತ್ತದೆ, ಗೊತ್ತಿಲ್ಲದೆ ಕೊರೆದರೆ ಅಪಾಯ. ಜೊತೆಗೆ ಬಿಡುಗಡೆಯಾದ ಸಿಲಿಕಾ ಪಕ್ಕದ ಮರಳಿನ ಸಂದುಗಳಲ್ಲಿ ಕ್ವಾರ್ಟ್ಜ್ ಆಗಿ ಬೆಳೆದು ಸಿಮೆಂಟಿನ ಹಾಗೆ ಹಿಡಿಯುತ್ತದೆ.

ಮರುವಾಯಿ ಚಿಪ್ಪೂ ಸುಮ್ಮನಿರುವುದಿಲ್ಲ. ಅದು ಅರಗೊನೈಟ್, ಸುಣ್ಣದ ಅಷ್ಟೇನೂ ಗಟ್ಟಿ ನೆಲೆ ಇಲ್ಲದ ರೂಪ. ನೀರು ಹರಿದಾಡುವ ಕಡೆ ಹೂತರೆ ಕರಗಿ, ಸುಣ್ಣದ ಹೆಚ್ಚು ಗಟ್ಟಿ ನೆಲೆಯ ರೂಪವಾದ ಕ್ಯಾಲ್ಸೈಟ್ ಆಗಿ ಮತ್ತೆ ಕೂರುತ್ತದೆ. ಬಿಗಿಯಾದ ಜೇಡಿಯೊಳಗೆ ನೀರು ತಾಗದೆ ಉಳಿದರೆ ಮಾತ್ರ ಕೋಟಿಗಟ್ಟಲೆ ವರ್ಷ ಆದರೂ ಅರಗೊನೈಟ್ ಹಾಗೇ ಉಳಿಯುವುದುಂಟು.

ಇನ್ನು ಹಂಚು. ನಮ್ಮ ಮನೆಯ ಮಾಡಿನ ಕೆಲವು ಹಂಚುಗಳ ಮೇಲೆ 1865 ಎಂಬ ಅಚ್ಚು ಇದೆ. ಹಂಚು ಅಷ್ಟು ಹಳೆಯದು ಅಂತ ನೆಂಟರು ಬೆರಗಾಗುತ್ತಾರೆ, ನಿಜದಲ್ಲಿ ಅದು ಬಾಸೆಲ್ ಮಿಶನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ಹೊಳೆ ಬದಿಯ ಇದೇ ಜೇಡಿ. ಗೂಡಿನಲ್ಲಿ ಬಿಸಿ 500-600 ಡಿಗ್ರಿಗೆ ಏರಿದಾಗ ಕೆಯೊಲಿನೈಟ್ ತನ್ನ ಹರಳಿನ ಒಳಗೇ ಕಟ್ಟಿಕೊಂಡಿದ್ದ ನೀರನ್ನು ಬಿಡುತ್ತದೆ, ತೂಕದಲ್ಲಿ ಹೆಚ್ಚುಕಡಿಮೆ 14 ಶೇಕಡಾ. ಕೆಲವೇ ದಿನದ ಕೆಲಸ. ಭೂಮಿಯ ಹತ್ತಿರ ಮೂರು ಕಿಲೋಮೀಟರ್ ಕೆಳಗೆ ಅಷ್ಟು ಬೆಂಕಿ ಇಲ್ಲ, ಆದರೆ ಅದಕ್ಕೆ ಅವಸರವೂ ಇಲ್ಲ. ಲಕ್ಷ, ಕೋಟಿ ವರ್ಷ ಕಾದರೆ ಸ್ಮೆಕ್ಟೈಟ್ ಇಲ್ಲೈಟ್ ಆಗಲು ನೂರು ಡಿಗ್ರಿಯೂ ಸಾಕಾಗುತ್ತದೆ. ಬಹಳ ಹಳೆಯ ಕಲ್ಲುಗಳಲ್ಲಿ ಸ್ಮೆಕ್ಟೈಟ್ ಅಪರೂಪವಾಗಲು ಇದೂ ಒಂದು ಕಾರಣ.

ಹಂಚನ್ನು ಎಷ್ಟು ಮಳೆಗಾಲ ನೆನೆಸಿದರೂ ಮತ್ತೆ ಕೆಸರಾಗುವುದಿಲ್ಲ. ಬಾಟಲಿಯದ್ದು ಹಾಗಲ್ಲ. ನಾನು ಇಲ್ಲದ ಹೊತ್ತು ನೋಡಿ ಅಮ್ಮ ಅದನ್ನು ತೆಂಗಿನ ಬುಡಕ್ಕೆ ಸುರಿದಿದ್ದರು. ಸಂಜೆ ಹೋಗಿ ನೋಡಿದಾಗ ಇನ್ನೂ ಕಪ್ಪೇ ಇತ್ತು. ಎರಡು ದಿನ ಗಾಳಿ ತಾಗಿದ ಮೇಲೆ ಅಂಚಿನಿಂದ ಶುರುವಾಗಿ ಮತ್ತೆ ಕಂದು, ಒಂದು ವಾರಕ್ಕೆ ಅಂಗಳದ ಕೆಂಪು ಮಣ್ಣಿನಲ್ಲಿ ಅದು ಯಾವುದು ಎಂದು ನನಗೇ ಗುರುತು ಸಿಗಲಿಲ್ಲ.