ಒಂದೇ ಜಾಗಕ್ಕೆ ಬಿದ್ದ ಬಾಲ್ ಒಂದು ಸಲ ಏಳುತ್ತದೆ, ಒಂದು ಸಲ ಕೂರುತ್ತದೆ: ಮ್ಯಾಟ್ ಬದಲಿಸಬೇಕಾ?

ಪ್ರಶ್ನೆ: ದಾವಣಗೆರೆ ಹತ್ತಿರ ನಮ್ಮ ಹುಡುಗರ ಕ್ರಿಕೆಟ್ ಅಭ್ಯಾಸಕ್ಕೆ ಅಂತ ಎರಡು ನೆಟ್ಸ್ (ಬಲೆ ಕಟ್ಟಿದ ಪಿಚ್) ಹಾಕಿಸಿ ಮೂರು ವರ್ಷ ಆಯ್ತು. ಕೆಳಗೆ ಕಾಂಕ್ರೀಟ್, ಮೇಲೆ ಹಸಿರು ಮ್ಯಾಟ್. ಈಗ ಒಂದೇ ಜಾಗಕ್ಕೆ ಬಿದ್ದ ಬಾಲ್ ಒಮ್ಮೆ ಎದೆಮಟ್ಟಕ್ಕೆ ಬರುತ್ತದೆ, ಇನ್ನೊಮ್ಮೆ ಮೊಣಕಾಲ ಕೆಳಗೇ ಹೋಗುತ್ತದೆ. ಮ್ಯಾಟ್ ಸವೆದಿದೆ, ಹೊಸದು ಹಾಕಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಹಾಕಿಸೋದಾ?

ಉತ್ತರ: ಈಗಲೇ ಬೇಡ. ಮೊದಲು ಮ್ಯಾಟ್ ಎತ್ತಿ ಕೆಳಗೆ ನೋಡಿ.

ನಾನು ಹುಡುಗರಿಗೆ ಬಾಲ್ ಹಾಕುವ ನೆಟ್ಸ್‌ನಲ್ಲೂ ಹೋದ ಬೇಸಿಗೆಯಲ್ಲಿ ಇದೇ ಗೋಳು. ನಾವೂ ಸುಮ್ನೆ ಮ್ಯಾಟ್ ಮೇಲೆ ಗೂಬೆ ಕೂರಿಸಿದ್ದೆವು. ಒಂದು ಭಾನುವಾರ ಬೆಳಗ್ಗೆ ಅಂಚಿನ ಮೊಳೆ ಕಿತ್ತು, ಬ್ಯಾಟ್ಸ್‌ಮನ್ ಕಡೆಯಿಂದ ಮ್ಯಾಟ್ ಸುತ್ತುತ್ತಾ ಬಂದೆವು. ಸ್ಟಂಪ್‌ನಿಂದ ಏಳೆಂಟು ಹೆಜ್ಜೆ ದೂರದಲ್ಲಿ ಕಾಂಕ್ರೀಟ್ ಅಡ್ಡಕ್ಕೆ ಸೀಳಿತ್ತು. ಒಂದು ಕಡೆ ಇನ್ನೊಂದಕ್ಕಿಂತ ಮೂರು ನಾಣ್ಯ ಪೇರಿಸಿದಷ್ಟು ಎತ್ತರ. ಸೀಳಿನ ತುಂಬಾ ಕಪ್ಪು ಮಣ್ಣು ಒಣಗಿ, ಉಗುರಲ್ಲಿ ಕೆರೆದರೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಬಾಲ್ ಆ ಮೆಟ್ಟಿಲಿನ ಅಂಚಿಗೆ ತಾಗಿದರೆ ಜಿಗಿಯುತ್ತಿತ್ತು, ಪಕ್ಕದ ತಗ್ಗಿಗೆ ಬಿದ್ದರೆ ಸತ್ತು ಹೋಗುತ್ತಿತ್ತು. ಮೇಲಿಂದ ನೋಡಿದರೆ ಮ್ಯಾಟ್ ನುಣ್ಣಗೆ, ಏನೂ ಆಗದ ಹಾಗೆ ಮಲಗಿತ್ತು.

ನಮ್ಮ ಕಡೆ ಇದು ಜಾಸ್ತಿ ಯಾಕೆ? ಎರೆ ಮಣ್ಣು. ಈ ನೆಲದಲ್ಲಿ ಹತ್ತಿ ಬೆಳೆಯಿತು, ಹತ್ತಿಯಿಂದ ದಾವಣಗೆರೆಗೆ ಮಿಲ್‌ಗಳು ಬಂದವು, ಆ ಕಥೆ ಎಲ್ಲರಿಗೂ ಗೊತ್ತು. ಆದರೆ ಎರೆ ಮಣ್ಣು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಪ್ರತಿ ವರ್ಷವೂ ಅದನ್ನು ಎತ್ತುತ್ತದೆ, ಇಳಿಸುತ್ತದೆ. ಮಣ್ಣಿನ ಪಿಚ್ ಮಾಡುವವರಿಗೆ ಇದೇ ಮಣ್ಣು ಚಿನ್ನ. ನೀರು ಹಾಕಿ ರೋಲರ್ ಹೊಡೆದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಮ್ಯಾಟ್ ಪಿಚ್ ಕೆಳಗೆ ಮಾತ್ರ ಅದು ಇರಬಾರದು. ಎರೆ ತೆಗೆದು ಗರಸು ತುಂಬಿ, ದಮ್ಮಸ್ಸು ಮಾಡಿ, ಅದರ ಮೇಲೆ ಜಲ್ಲಿ, ಆಮೇಲೆ ಕಾಂಕ್ರೀಟ್. ಪಿಚ್ ಹಾಕಿಸುವಾಗ ಈ ಖರ್ಚು ಉಳಿಸಿದವರೇ ಮುಂದೆ ಮ್ಯಾಟ್ ಮೇಲೆ ಮ್ಯಾಟ್ ಬದಲಿಸುತ್ತಾರೆ. ನೋಡಿ ನೋಡಿ ಬೇಜಾರಾಗಿ ಹೇಳುತ್ತಿದ್ದೇನೆ.

ಮ್ಯಾಟ್ ಕೀಳುವ ಮೊದಲು ಒಂದು ಪರೀಕ್ಷೆ ಮಾಡಿ. ಹಳೇ ಲೆದರ್ ಬಾಲ್ ಒಂದು ತೆಗೆದುಕೊಳ್ಳಿ. ಬ್ಯಾಟ್ಸ್‌ಮನ್ ಸ್ಟಂಪ್‌ನಿಂದ 10 ಮೀಟರ್‌ವರೆಗೆ, ಅರ್ಧ ಅರ್ಧ ಹೆಜ್ಜೆಗೆ ಒಂದರಂತೆ, ಭುಜದ ಎತ್ತರದಿಂದ ಕೈ ಬಿಡಿ. ಎಸೆಯಬೇಡಿ, ಸುಮ್ನೆ ಬಿಡಿ. ಎಲ್ಲಿ ಪುಟಿತ ಬೇರೆ ಆಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. 6ರಿಂದ 8 ಮೀಟರ್ ನಡುವೆ ಹುಷಾರಾಗಿ ನೋಡಿ, ಫಾಸ್ಟ್ ಬೌಲರ್‌ಗಳ ಗುಡ್ ಲೆಂಗ್ತ್, ಅಂದರೆ ಅವರು ಹೆಚ್ಚಾಗಿ ಬಾಲ್ ಬೀಳಿಸಲು ನೋಡುವ ಜಾಗ, ಅದೇ. ಗಾರೆಯವರ ಹತ್ತಿರ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಇರುತ್ತದಲ್ವಾ, ಅದನ್ನು ಮ್ಯಾಟ್ ಮೇಲೆ ಅಡ್ಡ, ಉದ್ದ ಇಟ್ಟು ನೋಡಿ. ಕೆಳಗೆ ಬೆಳಕು ಕಂಡ ಕಡೆ ತಗ್ಗು. ಕೊನೆಗೆ ನಾಲ್ಕು ಬಿಂದಿಗೆ ನೀರು ಸುರಿದು ಅರ್ಧ ಗಂಟೆ ಬಿಡಿ. ನೀರು ನಿಂತ ಜಾಗಗಳು, ಸೀಮೆಸುಣ್ಣದ ಗುರುತುಗಳು ಒಂದೇ ಕಡೆ ಸೇರಿದರೆ ತಪ್ಪು ಮ್ಯಾಟ್‌ನದಲ್ಲ.

ಬಿರುಕು ಸಿಕ್ಕರೆ ಸಿಮೆಂಟ್ ತಿಳಿ ಸುರಿದು ಮುಚ್ಚಬೇಡಿ, ಒಂದೇ ಮಳೆಗಾಲಕ್ಕೆ ಪದರ ಪದರವಾಗಿ ಏಳುತ್ತದೆ. ಉಳಿಯಿಂದ ಬಿರುಕನ್ನು ಸ್ವಲ್ಪ ಅಗಲ ಮಾಡಿ, ಮಣ್ಣೆಲ್ಲ ತೆಗೆದು, ಗ್ರೌಟ್ ತುಂಬಿ, ಅಂದರೆ ಒಣಗಿದರೂ ಕುಗ್ಗದ, ಬಿರುಕು ತುಂಬಲೆಂದೇ ಸಿಗುವ ಮಿಶ್ರಣ. ಎತ್ತರ ನಿಂತ ಅಂಚನ್ನು ಗ್ರೈಂಡರ್ ಹಿಡಿದು ಸಮ ಮಾಡಿ. ಜನವರಿ, ಫೆಬ್ರವರಿ ಈ ಕೆಲಸಕ್ಕೆ ಒಳ್ಳೆಯ ಕಾಲ, ಕಾಂಕ್ರೀಟ್ ಪೂರ್ತಿ ಒಣಗಿರುತ್ತದೆ. ಒದ್ದೆ ಕಾಂಕ್ರೀಟ್ ಮೇಲೆ ಮ್ಯಾಟ್ ಅಂಟಿಸುವ ಗಮ್ ಹಿಡಿಯುವುದಿಲ್ಲ. ಪಿಚ್ ಪಕ್ಕದಲ್ಲಿ ನೀರು ಹರಿದು ಹೋಗುವ ಸಣ್ಣ ಕಾಲುವೆ ಇಲ್ಲದಿದ್ದರೆ ಅದನ್ನೂ ಆಗಲೇ ತೋಡಿ. ನೀರು ಕೆಳಗೆ ಇಳಿಯುತ್ತಾ ಇರುವಷ್ಟು ಕಾಲ ಎರೆ ತನ್ನ ಆಟ ಬಿಡುವುದಿಲ್ಲ.

ಕೆಳಗೆ ಬಿರುಕೇ ಇಲ್ಲ ಅಂದರೆ? ಆಗ ಧೂಳು. ಚಿತ್ರದುರ್ಗದ ಕಡೆಯವರಿಗೆ ಇದು ಇನ್ನೂ ಜಾಸ್ತಿ. ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲವಲ್ಲ. ಗಾಳಿಯಲ್ಲಿ ಬಂದ ಮಣ್ಣು ಮ್ಯಾಟ್‌ನ ಎಳೆಗಳ ನಡುವೆ ಕೂರುತ್ತದೆ, ಇಬ್ಬನಿ ಬಿದ್ದಾಗ ಹೆಪ್ಪುಗಟ್ಟುತ್ತದೆ. ವಾರಕ್ಕೆ ಎರಡು ಸಲ ಗಟ್ಟಿ ಕಡ್ಡಿ ಪೊರಕೆಯಿಂದ ಎಳೆಗಳು ಮಲಗಿರುವ ದಿಕ್ಕಿಗೆ ಎದುರಾಗಿ ಗುಡಿಸಿ. ತಂತಿ ಬ್ರಷ್ ಬೇಡವೇ ಬೇಡ. ಮರಳು ತುಂಬಿದ ಮ್ಯಾಟ್ ಆದರೆ ಮರಳು ಆಡುವ ಜಾಗದಿಂದ ಅಂಚಿಗೆ ಸರಿದಿರುತ್ತದೆ, ಅದನ್ನು ವಾಪಸ್ ನಡುವಿಗೆ ತಳ್ಳಿ.

ನಿಜವಾಗಿ ಸವೆಯುವುದು ಎರಡು ಜಾಗ. ಬ್ಯಾಟ್ಸ್‌ಮನ್ ನಿಲ್ಲುವ ಕ್ರೀಸ್, ಬೌಲರ್‌ನ ಮುಂದಿನ ಕಾಲು ಬೀಳುವ ಜಾಗ. 20 ಮೀಟರ್ ಮ್ಯಾಟ್‌ನಲ್ಲಿ ಇವೆರಡೂ ಸೇರಿದರೆ ಮೂರ್ನಾಲ್ಕು ಮೀಟರ್ ಅಷ್ಟೇ. ಆ ತುಂಡು ಮಾತ್ರ ಚೌಕಾಕಾರಕ್ಕೆ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತುಂಡು ಕೂರಿಸಿ, ಜೋಡಿಸಿದ ಕಡೆ ಕೆಳಗೆ ಟೇಪ್ ಹಾಕಿಸಿ. ಹಳೆಯದರ ಮೇಲೇ ತೇಪೆ ಹಾಕಬೇಡಿ. ದಾವಣಗೆರೆ ಭಾರತಕ್ಕೆ ಆಡಿದ ಫಾಸ್ಟ್ ಬೌಲರ್ ವಿನಯ್ ಕುಮಾರ್ ಹುಟ್ಟಿದ ಊರು, ಅವರನ್ನು ದಾವಣಗೆರೆ ಎಕ್ಸ್‌ಪ್ರೆಸ್ ಅಂತ ಕರೆದದ್ದನ್ನು ಕೇಳಿಕೊಂಡು ಬೆಳೆದ ಮಕ್ಕಳು ಓಡಿ ಬಂದು ಜೋರಾಗಿಯೇ ಬಾಲ್ ಹಾಕುತ್ತಾರೆ. ಮೈಭಾರದ ಹಲವು ಪಟ್ಟು ಒತ್ತಡ ಆ ಒಂದು ಕಾಲಿನ ಮೇಲೆ ಬೀಳುವಾಗ ತೇಪೆಯ ಅಂಚು ಶೂಗೆ ಸಿಕ್ಕಿದರೆ ಪಾದ ತಿರುಚಿ ಹೋಗುತ್ತದೆ. ಸ್ಪೈಕ್ಸ್‌ಗೆ (ಅಡಿಯಲ್ಲಿ ಲೋಹದ ಮೊಳೆ ಇರುವ ಶೂ) ಬಾಗಿಲಲ್ಲೇ ತಡೆ ಹಾಕಿ, ರಬ್ಬರ್ ಸ್ಟಡ್ ಶೂ ಸಾಕು. ಮೊಳೆ ಹೊಡೆದ ಮ್ಯಾಟ್ ಆಗಿದ್ದರೆ ವರ್ಷಕ್ಕೊಮ್ಮೆ ತಲೆ ಕಡೆ ಬಾಲಕ್ಕೆ ತಿರುಗಿಸಿ ಹಾಸಿ.

ನೆಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅದನ್ನು ವೀಣೆ ತಂತಿಯ ಹಾಗೆ ಬಿಗಿಯಬೇಡಿ. ಸ್ವಲ್ಪ ಸಡಿಲ ಇದ್ದರೆ ಬಾಲ್ ಅದರಲ್ಲೇ ಸೋತು ಬೀಳುತ್ತದೆ, ಬಿಗಿ ಇದ್ದರೆ ಹುಡುಗರ ಮುಖಕ್ಕೇ ವಾಪಸ್ ಬರುತ್ತದೆ. ತೂತು ಕಂಡ ದಿನವೇ ನೈಲಾನ್ ದಾರದಲ್ಲಿ ಹೆಣೆಯಿರಿ. ಪಕ್ಕದ ನೆಟ್‌ನಲ್ಲಿ ನಿಂತ ಮಗುವಿಗೆ ಆ ತೂತು ಗೊತ್ತಿರುವುದಿಲ್ಲ. ಒಂದು ಎಳೆ ಹಿಡಿದು ಉಜ್ಜಿ ನೋಡಿ. ಬೆರಳಿಗೆ ಪುಡಿ ಹತ್ತಿ ಪಟ್ಟನೆ ತುಂಡಾದರೆ ಬಿಸಿಲು ಅದನ್ನು ತಿಂದು ಮುಗಿಸಿದೆ, ಹೆಣೆದು ಪ್ರಯೋಜನ ಇಲ್ಲ. ಮ್ಯಾಟ್‌ಗೆ ಅಂತ ಎತ್ತಿಟ್ಟ ದುಡ್ಡನ್ನು ಆಗ ನೆಟ್‌ಗೆ ಹಾಕಿ.

ಈ ಭಾನುವಾರ ಬಾಲ್ ಬಿಡುವ ಪರೀಕ್ಷೆ ಮಾಡಿ, ಸೀಮೆಸುಣ್ಣದ ಗುರುತುಗಳ ಫೋಟೊ ಕಳಿಸಿ. ಗುರುತುಗಳು ಒಂದು ಅಡ್ಡಗೆರೆಯಾಗಿ ಬಂದರೆ ಕೆಳಗೆ ಬಿರುಕು ಇರುವ ಸಾಧ್ಯತೆಯೇ ಹೆಚ್ಚು. ಅಲ್ಲೊಂದು ಇಲ್ಲೊಂದು ಚದುರಿದ್ದರೆ ಮೊದಲು ಪೊರಕೆ ತೆಗೆದುಕೊಳ್ಳಿ.