ಅಜ್ಜಿಯದು ಸ್ಪ್ಯಾನಿಷ್, ಮೊಮ್ಮಗಳದು ಇಂಗ್ಲಿಷ್

‘ಜೇನ್ ದ ವರ್ಜಿನ್’ (2014–2019) ಧಾರಾವಾಹಿಯ ಕಥೆ ನಡೆಯುವುದು ಅಮೆರಿಕದ ಮಯಾಮಿಯಲ್ಲಿ. ವೆನೆಜುವೆಲಾದಿಂದ ಬಂದ ಅಜ್ಜಿ ಆಲ್ಬಾ ಸ್ಪ್ಯಾನಿಷ್‌ನಲ್ಲಿ ಕೇಳುತ್ತಾಳೆ. ಮೊಮ್ಮಗಳು ಜೇನ್ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತಾಳೆ. ಮಾತು ಎಲ್ಲೂ ತಡವರಿಸುವುದಿಲ್ಲ. ಭಾಷಾವಿಜ್ಞಾನದ ತರಗತಿಯಲ್ಲಿ ಇಂಥ ದೃಶ್ಯ ತೋರಿಸಿದರೆ ವಿದ್ಯಾರ್ಥಿಗಳು ಕೇಳುತ್ತಾರೆ: ‘ಇಬ್ಬರಿಗೂ ಎರಡೂ ಅರ್ಥ ಆಗುತ್ತಲ್ವಾ? ಒಂದೇ ಭಾಷೆಯಲ್ಲಿ ಮಾತಾಡಬಾರದಾ?’

ವಲಸೆ ಬಂದವರ ಮನೆಯಲ್ಲಿ ಹಾಗಾಗುವುದಿಲ್ಲ. ಹಿರಿಯರು ತಮಗೆ ಸಲೀಸಾದ ಭಾಷೆ ಬಿಡುವುದಿಲ್ಲ. ಮೊಮ್ಮಕ್ಕಳಿಗೆ ಅದು ಕಿವಿಗೆ ಗೊತ್ತು, ನಾಲಿಗೆ ಮಾತ್ರ ಶಾಲೆಯ ಭಾಷೆಗೆ ಹೊರಳಿರುತ್ತದೆ. ಅಮೆರಿಕದ ಕನ್ನಡ ಮನೆಗಳಲ್ಲೂ ಇದನ್ನು ಕೇಳಬಹುದು.

ಒಬ್ಬರೇ ಒಂದು ವಾಕ್ಯದೊಳಗೆ ಭಾಷೆ ಬದಲಿಸುವುದು ಇನ್ನೂ ಸ್ವಾರಸ್ಯದ ಸಂಗತಿ. ಪದ ಸಿಗದೆ ಹೀಗೆ ಮಾಡುತ್ತಾರೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನ್ಯೂಯಾರ್ಕ್‌ನ ಸ್ಪ್ಯಾನಿಷ್, ಇಂಗ್ಲಿಷ್ ಎರಡೂ ಆಡುವ ಪೋರ್ಟೊ ರಿಕನ್ ಜನರ ಮಾತನ್ನು ಆಧರಿಸಿ ಭಾಷಾವಿಜ್ಞಾನಿ ಶಾನಾ ಪಾಪ್ಲಾಕ್ 1980ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ಎರಡೂ ಭಾಷೆ ಚೆನ್ನಾಗಿ ಬಲ್ಲವರೇ ವಾಕ್ಯದ ನಡುವೆ ಜಾಸ್ತಿ ಬದಲಿಸುತ್ತಿದ್ದರು. ಒಂದು ಭಾಷೆ ಅಷ್ಟಾಗಿ ಬಾರದವರು ‘ಗೊತ್ತಾ’, ‘ಅಲ್ವಾ’ ಥರದ ತುಣುಕುಗಳನ್ನು ವಾಕ್ಯದ ಅಂಚಿಗೆ ಸೇರಿಸಿ ಸುಮ್ಮನಾಗುತ್ತಿದ್ದರು. ಎಲ್ಲಿ ಬೇಕಾದರೂ ಬದಲಿಸುವಂತೆಯೂ ಇಲ್ಲ. ಎರಡೂ ಭಾಷೆಯಲ್ಲಿ ಪದಗಳ ಸಾಲು ಹೊಂದುವ ಕಡೆಯೇ ಬದಲಾವಣೆ ಸಲೀಸು. ‘ಬಿಳಿ ಮನೆ’ ಎನ್ನುವಾಗ ಇಂಗ್ಲಿಷ್‌ನಲ್ಲಿ ಬಣ್ಣ ಮೊದಲು ಬರುತ್ತದೆ, ಸ್ಪ್ಯಾನಿಷ್‌ನಲ್ಲಿ ಮನೆ ಮೊದಲು. ಹಾಗಾಗಿ ಆ ಎರಡು ಪದಗಳ ನಡುವೆ ಭಾಷೆ ಬದಲಿಸುವುದು ಅಪರೂಪ.

ಟಿವಿಯ ಎಷ್ಟೋ ಸಂಭಾಷಣೆ ಸೋಲುವುದು ಇಲ್ಲೇ. ಇಡೀ ವಾಕ್ಯ ಇಂಗ್ಲಿಷ್, ಕೊನೆಗೊಂದು ‘ಅಮೀಗೊ’ (ಸ್ಪ್ಯಾನಿಷ್‌ನಲ್ಲಿ ಗೆಳೆಯ). ಪಾತ್ರ ಹುಟ್ಟಿನಿಂದ ಸ್ಪ್ಯಾನಿಷ್ ಆಡುತ್ತಾ ಬೆಳೆದದ್ದು ಅಂತ ಕಥೆ ಹೇಳುತ್ತದೆ, ಬಾಯಿಗೆ ಹಾಕಿರುವುದು ಮಾತ್ರ ಅರ್ಧಂಬರ್ಧ ಕಲಿತವರ ಮಾತು. ಇಂಗ್ಲಿಷ್ ಮಾತ್ರ ಬಲ್ಲ ಪ್ರೇಕ್ಷಕರಿಗೆ ತೊಂದರೆ ಆಗಬಾರದು ಅನ್ನುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕಾಗಿ ಪಾತ್ರವನ್ನೇ ಬಡವಾಗಿಸುವುದು ಅನ್ಯಾಯ. ಅಡಿಬರಹ ಹಾಕಬಹುದು, ಅಥವಾ ಎದುರಿನವರ ಉತ್ತರದಲ್ಲೇ ಅರ್ಥ ತಿಳಿಯುವಂತೆ ಬರೆಯಬಹುದು.

ಕ್ಯೂಬಾದಿಂದ ಮಯಾಮಿಗೆ ಬಂದ ಕುಟುಂಬದ ಕಥೆ ಹೇಳಿದ ‘ಕೇ ಪಾಸಾ, ಯುಎಸ್‌ಎ?’ ಎಂಬ ಟಿವಿ ಧಾರಾವಾಹಿ 1977ರಲ್ಲೇ ಇದನ್ನು ಗಂಭೀರವಾಗಿ ತೆಗೆದುಕೊಂಡಿತ್ತು. ಅಜ್ಜ ಅಜ್ಜಿಯದು ಸ್ಪ್ಯಾನಿಷ್, ಮಕ್ಕಳದು ಹೆಚ್ಚಾಗಿ ಇಂಗ್ಲಿಷ್. ನಡುವಿನ ಅಪ್ಪ ಅಮ್ಮನಿಗೆ ಎರಡೂ ಬೇಕು, ಯಾರ ಕಡೆ ತಿರುಗಿದರೆ ಅವರ ಭಾಷೆ.